ಮಾವ ತಂದ ಜೆರ್ಸಿ

ಬರೆಯಬೇಕು ಬರೆಯಬೇಕು ಅಂದುಕೊಂಡೇ ತಿಂಗಳುಗಳು ಕಳೆದವು. ನಾಲ್ಕು ಸಾಲು ಬರೆದು ಡ್ರಾಫ್ಟಿನಲ್ಲೇ ಬಿಟ್ಟದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಇವತ್ತು ಭಾನುವಾರ, ಹೊರಗೆ ಜಿಟಿಜಿಟಿ ಮಳೆ, ಆಫೀಸಿನ ಲ್ಯಾಪ್‌ಟಾಪ್ ಚೀಲದಿಂದ ಹೊರಗೆ ತೆಗೆದಿಲ್ಲ. ಈ ಸಲ ಮುಗಿಸಿಯೇ ಏಳುವುದು ಅಂತ ಕೂತಿದ್ದೇನೆ.

ವಿಷಯ ಫುಟ್‌ಬಾಲು. ಕ್ರಿಕೆಟ್ಟಿನವರು ಓಡಿಹೋಗಬೇಡಿ, ಕೊನೆಗೆ ಆರ್‌ಸಿಬಿಯೂ ಬರುತ್ತದೆ :)

2024ರ ಸೆಪ್ಟೆಂಬರಿನಲ್ಲಿ ಕಂಪನಿ ನನ್ನನ್ನು ಒಂದು ವರ್ಷದ ಪ್ರಾಜೆಕ್ಟಿಗೆಂದು ಪ್ಯಾರಿಸ್ಸಿಗೆ ಕಳಿಸಿತು. ಹೋದ ಎರಡನೇ ವಾರ ಊಟದ ಹೊತ್ತಿನಲ್ಲಿ ಫುಟ್‌ಬಾಲಿನ ಮಾತು ಬಂತು. ನನಗೋ ಖುಷಿಯೋ ಖುಷಿ. ಹದಿನೈದು ವರ್ಷದ ಹುಡುಗನಿದ್ದಾಗಿನಿಂದ ಟೀವಿಯಲ್ಲಿ ನೋಡಿದ ತಂಡದ ಊರಿಗೇ ಬಂದು ಕೂತಿದ್ದೇನೆ! "ನನ್ನದು ಪ್ಯಾರಿಸ್ ಸೇಂಟ್-ಜರ್ಮೈನ್" ಅಂದೆ. (ಅವರ ಬಾಯಲ್ಲಿ ಅದು 'ಪ್ಯಾರಿ ಸ್ಯಾಂ-ಜೆರ್ಮ್ಯಾಂ'. ನನ್ನ ನಾಲಿಗೆಗೆ ಈಗಲೂ ಸರಿಯಾಗಿ ಹೊರಳುವುದಿಲ್ಲ. ಇಲ್ಲಿ ಎಲ್ಲರ ಹಾಗೆ ಪಿಎಸ್‌ಜಿ ಅಂತಲೇ ಬರೆಯುತ್ತೇನೆ.)

ಎದುರು ಕೂತಿದ್ದವರು ಐವತ್ತರ ಹತ್ತಿರದ ಹಿರಿಯ ಸಹೋದ್ಯೋಗಿ. ಹುಟ್ಟಿದ್ದು ಬೆಳೆದದ್ದು ಎಲ್ಲ ಪ್ಯಾರಿಸ್ಸಿನಲ್ಲೇ.

"ಯಾವಾಗಿನಿಂದ?" ಅಂದರು.

"2012ರಿಂದ."

ಅವರು ನಕ್ಕರು. ಕುಹಕದ ನಗು ಅಲ್ಲ. ಆದರೂ ಚುಚ್ಚಿತು. "ಓ... ಕತಾರಿನ ದುಡ್ಡು ಬಂದ ಮೇಲೆ!"

ಟೇಬಲ್ಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಊಟ ಗಂಟಲಲ್ಲಿ ಇಳಿಯಲಿಲ್ಲ. ಯಾಕೆಂದರೆ ಅವರಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿತ್ತು. ಕತಾರಿನ ದುಡ್ಡು ಬಂದದ್ದು ಬರೀ ಆ ಕ್ಲಬ್ಬಿಗಲ್ಲ. ನಮ್ಮ ಮನೆಗೂ ಬಂದಿತ್ತು.

*

ನಮ್ಮದು ಉಡುಪಿ ಕಡೆ. ನಮ್ಮಲ್ಲಿ ಮನೆಗೊಬ್ಬರಾದರೂ ಗಲ್ಫಿನಲ್ಲಿ ಇರುತ್ತಾರೆ. ನಮ್ಮ ಮನೆಯಿಂದ ಹೋದವರು ಅಮ್ಮನ ತಮ್ಮ, ಮಾವ. ದೋಹಾದಲ್ಲಿ ಎಸಿ ರಿಪೇರಿ ಕೆಲಸ. ಐವತ್ತು ಡಿಗ್ರಿ ಬಿಸಿಲಿಗೆ ತಾರಸಿ ಹತ್ತಿ, ಕೆಳಗಿನವರು ತಂಪಾಗಿ ಕೂರುವ ಹಾಗೆ ಮಾಡುವ ಕೆಲಸ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. 2012ರ ಕೊನೆಗೆ ಬಂದಾಗ ನನಗೊಂದು ನೀಲಿ ಜೆರ್ಸಿ ತಂದುಕೊಟ್ಟರು. ನಡುವೆ ಕೆಂಪು ಪಟ್ಟಿ, ಎದೆಯ ಮೇಲೆ 'ಫ್ಲೈ ಎಮಿರೇಟ್ಸ್', ಬೆನ್ನಿಗೆ 18 ನಂಬರು, ಮೇಲೆ ಇಬ್ರಾಹಿಮೋವಿಚ್ ಹೆಸರು.

"ಇದು ಯಾವ ಟೀಮು ಮಾವ?"

"ನಮ್ಮ ದೋಹಾದ ಸೇಠುಗಳು ತಕೊಂಡ ಟೀಮು ಮಾರಾಯ. ಫ್ರಾನ್ಸಿನದ್ದು. ಆದರೆ ಅಂಗಿಯ ಮೇಲೆ ದುಬೈ ವಿಮಾನದ ಹೆಸರುಂಟು, ಅದೆಂತದ್ದೋ ನನಗೆ ಗೊತ್ತಿಲ್ಲ."

ಅಷ್ಟೇ. ನನ್ನ ಅಭಿಮಾನದ ಇತಿಹಾಸ ಇಷ್ಟೇ. ಜೆರ್ಸಿ ಇದೆ ಅಂದ ಮೇಲೆ ಟೀಮೂ ನಮ್ಮದೇ ತಾನೇ! ಮುಂದೆ 2015ರಲ್ಲಿ ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದಾಗ ನಾಲ್ಕೂ ವರ್ಷದ ಫೀಸು ಕಟ್ಟಿದವರು ಮಾವ. ಕತಾರಿನ ಗ್ಯಾಸಿನ ದುಡ್ಡಿನಲ್ಲಿ ಒಂದು ಪಾಲು ಪ್ಯಾರಿಸ್ಸಿಗೆ ಹೋಗಿ ಇಬ್ರಾಹಿಮೋವಿಚ್ ಆಯಿತು. ಇನ್ನೊಂದು ಚೂರು ಮಾವನ ಸಂಬಳವಾಗಿ ನನ್ನ ಕಾಲೇಜಿನ ಕ್ಯಾಶ್ ಕೌಂಟರಿಗೆ ಬಂತು. ಹಾಗಾಗಿ "ಕತಾರಿನ ದುಡ್ಡು ಬಂದ ಮೇಲೆ" ಅಂತ ಯಾರಾದರೂ ನಕ್ಕರೆ ನಾನು ಕ್ಲಬ್ಬಿನ ಪರವಾಗಿ ಮಾತ್ರ ನಾಚಿಕೊಂಡರೆ ಸಾಲುವುದಿಲ್ಲ.

ಅವತ್ತು ರಾತ್ರಿ ರೂಮಿಗೆ ಬಂದು ಈ ಕ್ಲಬ್ಬಿನ ಇತಿಹಾಸ ಓದಲು ಶುರು ಮಾಡಿದೆ. ಕತಾರಿಗೆ ಮುಂಚೆ ಏನಿತ್ತು? ಯಾರ ದುಡ್ಡಿತ್ತು?

*

ಮೊದಲಿಗೆ ಇದ್ದದ್ದು ಜನರ ದುಡ್ಡು!

1960ರ ದಶಕದ ಕೊನೆಗೆ ಪ್ಯಾರಿಸ್ಸಿನಂಥ ಮಹಾನಗರಕ್ಕೆ ಹೇಳಿಕೊಳ್ಳುವಂಥ ಒಂದು ಫುಟ್‌ಬಾಲ್ ತಂಡ ಇರಲಿಲ್ಲ. ಒಂದಿಷ್ಟು ಜನ ಸೇರಿ 1969ರಲ್ಲಿ ಪ್ಯಾರಿಸ್ ಎಫ್‌ಸಿ ಅಂತ ಶುರು ಮಾಡಿದರು. ಹೆಸರಿತ್ತು, ತಂಡ ಇರಲಿಲ್ಲ. ಪಶ್ಚಿಮಕ್ಕೆ ಸ್ವಲ್ಪ ದೂರದ ಸೇಂಟ್-ಜರ್ಮೈನ್-ಆನ್-ಲೇ ಎಂಬ ಊರಿನಲ್ಲಿ 1904ರಿಂದ ಆಡುತ್ತಿದ್ದ ಒಂದು ಸಣ್ಣ ಕ್ಲಬ್ಬಿತ್ತು. ಅಲ್ಲಿ ತಂಡ ಇತ್ತು, ದುಡ್ಡಿರಲಿಲ್ಲ. ಎರಡನ್ನೂ ಸೇರಿಸಿ 1970ರ ಆಗಸ್ಟಿನಲ್ಲಿ ಪಿಎಸ್‌ಜಿ ಹುಟ್ಟಿತು. ಬಂಡವಾಳಕ್ಕಾಗಿ ಜನರ ಮುಂದೆಯೇ ಕೈಯೊಡ್ಡಿದರು. ಸುಮಾರು 20,000 ಜನ ತಂತಮ್ಮ ಕೈಲಾದಷ್ಟು ಹಾಕಿದರು. ಇನ್ನೂ ಒಂದು ಆಟವನ್ನೂ ಆಡದ ತಂಡಕ್ಕೆ! ಈಗಿನ ಭಾಷೆಯಲ್ಲಿ ಕ್ರೌಡ್‌ಫಂಡಿಂಗ್, ನಮ್ಮೂರಿನ ಭಾಷೆಯಲ್ಲಿ ಒಂತಿಗೆ.

ಮೊದಲ ವರ್ಷವೇ ಎರಡನೇ ದರ್ಜೆ ಗೆದ್ದು ಮೇಲೆ ಬಂದರು. ಆಮೇಲೆ ಬಂತು ಜಗಳ. ಪ್ಯಾರಿಸ್ ನಗರಸಭೆ, "ನಮ್ಮ ಸಹಾಯ ಬೇಕಾದರೆ ಹೆಸರಿನಿಂದ ಸೇಂಟ್-ಜರ್ಮೈನ್ ತೆಗೆಯಿರಿ" ಅಂತ ಕೂತಿತು. ಆ ಊರಿನವರು ಬಿಡಲಿಲ್ಲ. 1972ರಲ್ಲಿ ಅಣ್ಣತಮ್ಮ ಪಾಲಾದ ಹಾಗೆ ಕ್ಲಬ್ಬು ಎರಡಾಯಿತು. ಪ್ಯಾರಿಸ್ ಎಫ್‌ಸಿ ಪಾಲಿಗೆ ಮೊದಲ ದರ್ಜೆಯ ಜಾಗ, ವೃತ್ತಿಪರ ಆಟಗಾರರು. ಪಿಎಸ್‌ಜಿ ಪಾಲಿಗೆ ಹವ್ಯಾಸಿ ಹುಡುಗರು ಮತ್ತು ಮೂರನೇ ದರ್ಜೆ.

ಇವತ್ತು ಶ್ರೀಮಂತಿಕೆಗೇ ಹೆಸರಾದ ಪಿಎಸ್‌ಜಿ, ಆ ಪಾಲಿನಲ್ಲಿ ಏನೂ ಸಿಗದ ತಮ್ಮ ಅಂದರೆ ನಂಬಲಿಕ್ಕಾಗುತ್ತದಾ?

ಒಂದು ಭಾನುವಾರ ಆ ಊರಿಗೆ ಹೋಗಿ ಬಂದೆ. ಆರ್‌ಇಆರ್ ರೈಲಿನ ಎ ಲೈನಿನ ಕೊನೆಯ ಸ್ಟೇಷನ್. ಮೆಟ್ಟಿಲು ಹತ್ತಿ ಮೇಲೆ ಬಂದರೆ ಎದುರಿಗೇ ಅರಮನೆ. ಹದಿನಾಲ್ಕನೇ ಲೂಯಿ ಹುಟ್ಟಿದ್ದು ಈ ಊರಿನಲ್ಲೇ, 1638ರಲ್ಲಿ. ಅದಕ್ಕೇ ಕ್ಲಬ್ಬಿನ ಹಳೇ ಲಾಂಛನದಲ್ಲಿ ಐಫೆಲ್ ಗೋಪುರದ ಕೆಳಗೆ ಒಂದು ಪುಟ್ಟ ತೊಟ್ಟಿಲು ಇರುತ್ತಿತ್ತು. ನನ್ನ ಜೆರ್ಸಿಯ ಮೇಲೂ ಇತ್ತು. ಅದು ದೋಣಿ ಅಂತ ನಾನು ಎಷ್ಟೋ ವರ್ಷ ತಿಳಿದುಕೊಂಡಿದ್ದೆ! 2013ರಲ್ಲಿ ಲಾಂಛನ ಬದಲಾಯಿಸಿದಾಗ ತೊಟ್ಟಿಲು ತೆಗೆದರು, 1970 ಅನ್ನುವ ಇಸವಿಯನ್ನೂ ತೆಗೆದರು. 'ಪ್ಯಾರಿಸ್' ದೊಡ್ಡದಾಯಿತು, 'ಸೇಂಟ್-ಜರ್ಮೈನ್' ಕೆಳಗೆ ಸಣ್ಣದಾಗಿ ಉಳಿಯಿತು. 2023ರಲ್ಲಿ ತರಬೇತಿ ಕೇಂದ್ರವೂ ಅಲ್ಲಿಂದ ಪ್ವಾಸಿಗೆ ಹೋಯಿತು. ಹೆಸರು ಬಿಡಲೊಲ್ಲದೆ ಮೂರನೇ ದರ್ಜೆಗೆ ಇಳಿದವರ ಊರು ಅದು. ಅರಮನೆಯ ಮುಂದಿನ ಬೆಂಚಿನ ಮೇಲೆ ಕೂತು ನಾನು ತಂದಿದ್ದ ಚಿತ್ರಾನ್ನ ತಿಂದೆ.

*

ಆಮೇಲಿನ ಕತೆ ಒಂದೊಂದು ಕಾಲಕ್ಕೆ ಒಬ್ಬೊಬ್ಬ ದುಡ್ಡಿನ ಧಣಿಯ ಕತೆ.

ಮೊದಲು ಬಂದದ್ದು ಡ್ಯಾನಿಯೆಲ್ ಹೆಶ್ಟರ್, 1973ರಲ್ಲಿ. ಬಟ್ಟೆ ವಿನ್ಯಾಸ ಮಾಡುವ ದೊಡ್ಡ ಹೆಸರು. ನೀಲಿ ಬಣ್ಣ, ನಡುವೆ ಕೆಂಪು ಪಟ್ಟಿ, ಅಂಚಿಗೆ ಬಿಳಿ - ಆ ಜೆರ್ಸಿ ಅವರ ಕೈಯದ್ದೇ. ಮಾವ ತಂದ ಜೆರ್ಸಿಯ ಪಟ್ಟಿಯ ಮೂಲ ಪುರುಷ! ತರಬೇತಿಗೆ ಜಸ್ಟ್ ಫಾಂಟೇನ್ ಬಂದರು, 1958ರ ಒಂದೇ ವಿಶ್ವಕಪ್ಪಿನಲ್ಲಿ 13 ಗೋಲು ಹೊಡೆದವರು. 1974ರಲ್ಲಿ ತಂಡ ಮೊದಲ ದರ್ಜೆಗೆ ವಾಪಸಾಯಿತು. ಅದೇ ವರ್ಷ ಪ್ಯಾರಿಸ್ ಎಫ್‌ಸಿ ಕೆಳಗಿಳಿಯಿತು. ಪಾರ್ಕ್ ದೆ ಪ್ರಿನ್ಸ್ ಕ್ರೀಡಾಂಗಣ ತಮ್ಮನ ಪಾಲಿಗೆ ಬಂತು. ಅಣ್ಣ ಮನೆಯಿಂದ ಹೊರಡುವಾಗ ತಮ್ಮ ಒಳಗೆ ಬಂದ ಹಾಗೆ.

ಆದರೆ ಹೆಶ್ಟರ್ ಕತೆ ಚೆನ್ನಾಗಿ ಮುಗಿಯಲಿಲ್ಲ. ಲೆಕ್ಕಕ್ಕೆ ಬಾರದ ಎರಡನೇ ಟಿಕೆಟ್ ಪುಸ್ತಕ ಇಟ್ಟುಕೊಂಡು ಮಾರಿದ ಹಗರಣದಲ್ಲಿ 1978ರ ಜನವರಿಯಲ್ಲಿ ಅವರಿಗೆ ಆಜೀವ ನಿಷೇಧ ಬಿತ್ತು. ಕುರ್ಚಿಗೆ ಬಂದದ್ದು ಫ್ರಾನ್ಸಿಸ್ ಬೊರೆಲ್ಲಿ. ಅವರ ಕಾಲದಲ್ಲಿ ಮೊದಲ ಕಪ್ಪು ಬಂತು. 1982ರ ಫ್ರೆಂಚ್ ಕಪ್ ಫೈನಲ್ಲಿನಲ್ಲಿ ಎದುರಾಳಿ ಸೇಂಟ್-ಎತಿಯೆನ್. ಆ ತಂಡಕ್ಕೆ ಪ್ಲಾಟಿನಿಯ ಕೊನೆಯ ಆಟ ಅದು, ಎರಡು ಗೋಲು ಹೊಡೆದರು. ಹೆಚ್ಚುವರಿ ಸಮಯವೂ ಇನ್ನೇನು ಮುಗಿಯಿತು ಅನ್ನುವಾಗ ರೋಷ್ಟೋ ಹೊಡೆದ ಗೋಲಿನಿಂದ 2-2. ಪೆನಾಲ್ಟಿಯಲ್ಲಿ 6-5. ಜಯಕ್ಕೆ ಮುಂಚೆಯೇ, ಆ ಸಮಗೋಲು ಬಂದ ಕೂಡಲೇ ಜನ ಮೈದಾನಕ್ಕೆ ನುಗ್ಗಿದರು. ಸೂಟು ಹಾಕಿದ್ದ ಅಧ್ಯಕ್ಷ ಬೊರೆಲ್ಲಿ ಮೊಣಕಾಲೂರಿ ಹುಲ್ಲಿಗೆ ಮುತ್ತಿಟ್ಟರು. 1986ರಲ್ಲಿ ಮೊದಲ ಲೀಗ್ ಪಟ್ಟ.

1991ರಲ್ಲಿ ಕೆನಾಲ್ ಪ್ಲಸ್ ಎಂಬ ಟೀವಿ ಚಾನೆಲ್ ಕ್ಲಬ್ಬನ್ನು ಕೊಂಡಿತು. ಆಟ ತೋರಿಸುವವರೇ ಆಟದ ಮಾಲೀಕರು! ಜಾರ್ಜ್ ವಿಯಾ, ರಾಯ್, ಜಿನೋಲಾ ಎಲ್ಲ ಆಡಿದ ಕಾಲ ಅದು. 1993ರಿಂದ 1997ರವರೆಗೆ ಸತತ ಐದು ವರ್ಷ ಯುರೋಪಿನ ಒಂದಲ್ಲ ಒಂದು ಕಪ್ಪಿನ ಸೆಮಿಫೈನಲ್. 1996ರಲ್ಲಿ ಕಪ್ ವಿನ್ನರ್ಸ್ ಕಪ್ ಗೆದ್ದೂಬಿಟ್ಟರು. ನಡುವೆ 1994ರಲ್ಲಿ ಎರಡನೇ ಲೀಗ್ ಪಟ್ಟ. ಆಮೇಲೆ ಇಳಿಜಾರು. 2001ರಲ್ಲಿ ಬಂದ ರೊನಾಲ್ಡಿನೋ ಕೂಡ ಎರಡು ವರ್ಷಕ್ಕೆ ಹೊರಟರು. 2006ರಲ್ಲಿ ಚಾನೆಲ್ಲಿನವರು ಅಮೆರಿಕದ ಕಾಲೊನಿ ಕ್ಯಾಪಿಟಲ್ ಮತ್ತಿತರ ಹೂಡಿಕೆದಾರರಿಗೆ ಮಾರಿ ಕೈತೊಳೆದುಕೊಂಡರು. 2008ರಲ್ಲಿ ತಂಡ ಎರಡನೇ ದರ್ಜೆಗೆ ಬೀಳುವುದರಲ್ಲಿತ್ತು. ಕೊನೆಯ ದಿನ ಸೊಷೋ ಊರಿನಲ್ಲಿ 2-1ರಿಂದ ಗೆದ್ದು ಬದುಕಿಕೊಂಡಿತು.

ಇಷ್ಟು ಓದಿ ಒಂದು ಶುಕ್ರವಾರ ಕಾಫಿ ಮೆಷಿನ್ ಹತ್ತಿರ ಆ ಸಹೋದ್ಯೋಗಿಯನ್ನು ಹಿಡಿದೆ. "ನೋಡಿ, ನಿಮ್ಮ ಕ್ಲಬ್ಬು ಎಂದೂ ಬಡವರದ್ದಾಗಿರಲಿಲ್ಲ. ಬಟ್ಟೆಯ ದುಡ್ಡು, ಟೀವಿಯ ದುಡ್ಡು, ಫಂಡಿನ ದುಡ್ಡು. ಗ್ಯಾಸಿನ ದುಡ್ಡಿಗೆ ಮಾತ್ರ ಯಾಕೆ ನಗು?" ವಾದ ಗೆದ್ದೆ ಅಂದುಕೊಂಡಿದ್ದೆ.

ಅವರು ಕಪ್ಪು ಕೆಳಗಿಟ್ಟು, "ನಾನು ನಕ್ಕಿದ್ದು ಆ ದುಡ್ಡಿಗಲ್ಲ. ನೀನು 2012ರಲ್ಲಿ ಬಂದೆ. ನಾನು 2010ರಲ್ಲಿ ಹೊರಗೆ ಬಿದ್ದೆ. ಅದಕ್ಕೆ ನಗು ಬಂತು" ಅಂದರು.

*

ಪಾರ್ಕ್ ದೆ ಪ್ರಿನ್ಸ್‌ನಲ್ಲಿ ಗೋಲಿನ ಹಿಂದೆ ಎರಡು ಸ್ಟ್ಯಾಂಡುಗಳಿವೆ. ಒಂದು ಕಡೆ ಬುಲೋನ್, ಎದುರು ಓತೈ. ಕಡಿಮೆ ದರದ ಟಿಕೆಟ್ಟಿನ, ಜೋರು ಗಂಟಲಿನ ಜಾಗ. ಬುಲೋನಿನ ಗುಂಪುಗಳಲ್ಲಿ ಜನಾಂಗ ದ್ವೇಷದ ಕಟ್ಟಾಳುಗಳು ಸೇರಿಕೊಂಡಿದ್ದರು. ಓತೈಯಲ್ಲಿ ಎಲ್ಲ ಬಣ್ಣದ, ಎಲ್ಲ ಮೂಲದ ಹುಡುಗರು. ಒಂದೇ ತಂಡದ ಅಭಿಮಾನಿಗಳು ತಮ್ಮತಮ್ಮಲ್ಲೇ ಹೊಡೆದಾಡುವ ಸ್ಥಿತಿ. 2006ರ ನವೆಂಬರಿನಲ್ಲಿ ಇಸ್ರೇಲಿನ ತಂಡದೊಂದಿಗಿನ ಆಟ ಮುಗಿದ ಮೇಲೆ, ಎದುರಾಳಿ ತಂಡದ ಅಭಿಮಾನಿಯೊಬ್ಬನನ್ನು ಗುಂಪು ಅಟ್ಟಿಸಿಕೊಂಡು ಹೋಯಿತು. ಅವನನ್ನು ಕಾಪಾಡಲು ನಿಂತ ಪೊಲೀಸನ ಗುಂಡಿಗೆ ಪಿಎಸ್‌ಜಿಯ ಒಬ್ಬ ಅಭಿಮಾನಿ ಸತ್ತ. 2010ರ ಫೆಬ್ರುವರಿಯಲ್ಲಿ ಮಾರ್ಸೇ ವಿರುದ್ಧದ ಆಟದ ದಿನ ಎರಡು ಸ್ಟ್ಯಾಂಡಿನವರ ಹೊಡೆದಾಟದಲ್ಲಿ ಪೆಟ್ಟು ತಿಂದ ಇನ್ನೊಬ್ಬ ಮಾರ್ಚಿನಲ್ಲಿ ತೀರಿಕೊಂಡ.

ಆಗಿನ ಅಧ್ಯಕ್ಷ ರಾಬಿನ್ ಲೆಪ್ರೂ ಒಂದು ಯೋಜನೆ ತಂದರು. ಎರಡೂ ಸ್ಟ್ಯಾಂಡುಗಳ ಸೀಸನ್ ಟಿಕೆಟ್ ರದ್ದು. ಇನ್ನು ಮೇಲೆ ಯಾರು ಎಲ್ಲಿ ಕೂರಬೇಕು ಅಂತ ಕಂಪ್ಯೂಟರು ಲಾಟರಿ ಎತ್ತಿ ಹೇಳುತ್ತದೆ.

ನಾನು ಸಾಫ್ಟ್‌ವೇರಿನವ. ಸೀಟನ್ನು ರ‍್ಯಾಂಡಮ್ ಆಗಿ ಹಂಚುವುದು ನಮಗೆ ಒಂದು ಸಾಲಿನ ಕೆಲಸ. ಗುಂಪು ಒಡೆಯುವುದಕ್ಕೆ ಇದಕ್ಕಿಂತ ಸುಲಭದ ಉಪಾಯ ನನಗೂ ಹೊಳೆಯುವುದಿಲ್ಲ. ಆದರೆ ಆ ಒಂದು ಸಾಲಿನಲ್ಲಿ ಏನು ಒಡೆಯಿತು ಅಂತ ಅವರು ಹೇಳಿದರು. ಓತೈಯಲ್ಲಿ ಅವರೂ ಅವರ ಅಪ್ಪನೂ ಅಕ್ಕಪಕ್ಕದ ಸೀಟಿನಲ್ಲಿ ಹದಿನೇಳು ವರ್ಷ ಕೂತಿದ್ದರಂತೆ. ಒಂದು ಸಲವೂ ಯಾರಿಗೂ ಹೊಡೆದವರಲ್ಲ. ಅಪ್ಪನಿಗೆ ಅಲ್ಲೇ ಕೂತು ಅಭ್ಯಾಸ, ಹಿಂದಿನವರು ಮುಂದಿನವರು ಎಲ್ಲ ಪರಿಚಯ. ಲಾಟರಿ ಟಿಕೆಟ್ಟು ತಗೊಂಡು ಅಪ್ಪ ಒಂದು ಮೂಲೆ, ಮಗ ಇನ್ನೊಂದು ಮೂಲೆ ಕೂರುವುದಾ? ಬೇಡ ಅಂದರು ಅಪ್ಪ. ಇವರೂ ಬಿಟ್ಟರು.

"ಕೊಲೆ ನಿಂತಿತಲ್ಲ, ಅದೂ ನಿಜ," ಅಂದರು. "ಯಾರನ್ನು ಬೈಯಲಿ ಹೇಳು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಸ್ವಚ್ಛ ಮಾಡಿಟ್ಟ ಮನೆಗೆ 2011ರಲ್ಲಿ ಬಂದದ್ದು ಕತಾರ್ ಸ್ಪೋರ್ಟ್ಸ್ ಇನ್ವೆಸ್ಟ್‌ಮೆಂಟ್ಸ್. ಅದಕ್ಕೆ ಆರು ತಿಂಗಳ ಹಿಂದಷ್ಟೇ, 2010ರ ಡಿಸೆಂಬರಿನಲ್ಲಿ, ಕತಾರಿಗೆ 2022ರ ವಿಶ್ವಕಪ್ ನಡೆಸುವ ಹಕ್ಕು ಸಿಕ್ಕಿತ್ತು.

*

ಮುಂದಿನದ್ದು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ಪಾಸ್ಟೋರೆಗೆ 42 ಮಿಲಿಯನ್ ಯೂರೋ. 2012ರಲ್ಲಿ ಇಬ್ರಾಹಿಮೋವಿಚ್. 2013ರಲ್ಲಿ ಕೆಲವು ತಿಂಗಳಿಗೆ ಬೆಕ್‌ಹ್ಯಾಮ್. 19 ವರ್ಷದ ನಂತರ ಲೀಗ್ ಪಟ್ಟ. 2013ರಿಂದ 2025ರವರೆಗೆ 11 ಪಟ್ಟ. ಮೊದಲಿನ ಎರಡೂ ಸೇರಿ 13, ಫ್ರಾನ್ಸಿನಲ್ಲಿ ದಾಖಲೆ. ಆದರೆ ಮಾಲೀಕರ ಕಣ್ಣು ಇದ್ದದ್ದು ಚಾಂಪಿಯನ್ಸ್ ಲೀಗಿನ ಮೇಲೆ. ಅದೊಂದು ಮಾತ್ರ ಕೈಗೆ ಸಿಗುತ್ತಿರಲಿಲ್ಲ.

2017ರ ಮಾರ್ಚ್ 8 ನನಗೆ ನಿನ್ನೆಯ ಹಾಗೆ ನೆನಪಿದೆ. ಮೊದಲ ಆಟದಲ್ಲಿ ಬಾರ್ಸಿಲೋನಾವನ್ನು 4-0ರಿಂದ ಹೊಡೆದು ಬಂದಿದ್ದೆವು. ಎರಡನೆಯದು ನಮ್ಮ ಹೊತ್ತಿಗೆ ರಾತ್ರಿ ಒಂದೂಕಾಲಕ್ಕೆ. ಹಾಸ್ಟೆಲ್ ರೂಮಿನಲ್ಲಿ ಒಂದೇ ಲ್ಯಾಪ್‌ಟಾಪಿನ ಮುಂದೆ ಒಂಬತ್ತು ಜನ, ಎಂಟು ಜನ ಬಾರ್ಸಿಲೋನಾದವರು. ನಾನು ಜೆರ್ಸಿ ಹಾಕಿಕೊಂಡು ರಾಜನ ಹಾಗೆ ಮಂಚದ ಮೇಲೆ. 87 ನಿಮಿಷ ಆದಾಗ 3-1, ಅಂದರೆ ಒಟ್ಟಾರೆ ನಾವೇ ಮುಂದೆ. ಆಮೇಲಿನ ಏಳೆಂಟು ನಿಮಿಷದಲ್ಲಿ ಮೂರು ಗೋಲು! 95ನೇ ನಿಮಿಷದಲ್ಲಿ ಸರ್ಜಿ ರಾಬರ್ಟೊ ಕಾಲು ಚಾಚಿದಾಗ ಇಡೀ ಬ್ಲಾಕೇ ಕಿರುಚಿತು. 6-1. ಮರುದಿನ ಲ್ಯಾಬ್ ಇಂಟರ್ನಲ್ಸ್. ನನಗೆ ಆ ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದಾಗಿ ಹೋಯಿತು ಅಂತ ಈಗಲೂ ಹೇಳಲಾಗುವುದಿಲ್ಲ.

ದುಡ್ಡಿದ್ದವರು ಏನು ಮಾಡುತ್ತಾರೆ? ಹೊಡೆದವನನ್ನೇ ಕೊಂಡುಕೊಳ್ಳುತ್ತಾರೆ. ಆ ರಾತ್ರಿ ನಮ್ಮನ್ನು ಮುಳುಗಿಸಿದ ನೇಮಾರ್‌ನನ್ನು ಅದೇ ಆಗಸ್ಟಿನಲ್ಲಿ 222 ಮಿಲಿಯನ್ ಯೂರೋ ಕೊಟ್ಟು ತಂದರು. ಆಗಿನ ಲೆಕ್ಕದಲ್ಲಿ 1,600 ಕೋಟಿ ರೂಪಾಯಿಗೂ ಮೇಲೆ. ಅದಕ್ಕೆ ಮುಂಚಿನ ದಾಖಲೆಯ ದುಪ್ಪಟ್ಟಿಗಿಂತ ಹೆಚ್ಚು. ಅದೇ ತಿಂಗಳು ಪ್ಯಾರಿಸ್ಸಿನ ಹೊರವಲಯದಲ್ಲೇ ಬೆಳೆದ ಎಂಬಾಪೆ. 2021ರಲ್ಲಿ ಮೆಸ್ಸಿ. ಮೂವರೂ ಒಟ್ಟಿಗೆ ಆಡಿದ ಎರಡು ಸೀಸನ್ನಿನಲ್ಲೂ ಚಾಂಪಿಯನ್ಸ್ ಲೀಗಿನಲ್ಲಿ ಕೊನೆಯ ಹದಿನಾರರಿಂದ ಮುಂದೆ ಹೋಗಲಿಲ್ಲ. 2020ರಲ್ಲಿ ಒಂದು ಸಲ ಫೈನಲ್ ತಲುಪಿದ್ದೇನೋ ನಿಜ. ಲಿಸ್ಬನ್ನಿನ ಖಾಲಿ ಕ್ರೀಡಾಂಗಣದಲ್ಲಿ ಬಯರ್ನ್ ವಿರುದ್ಧ 1-0ರಿಂದ ಸೋತರು. ಗೋಲು ಹೊಡೆದದ್ದು ಕಿಂಗ್ಸ್‌ಲೆ ಕೋಮಾನ್. ಪ್ಯಾರಿಸ್ಸಿನಲ್ಲೇ ಹುಟ್ಟಿ, ಪಿಎಸ್‌ಜಿ ಅಕಾಡೆಮಿಯಲ್ಲೇ ಕಲಿತು, ಹೊರಗೆ ಹೋದ ಹುಡುಗ. ದುಡ್ಡು ಕೊಟ್ಟು ತಂದವರೆಲ್ಲ ನೋಡುತ್ತ ನಿಂತಿದ್ದರು.

2022ರ ಡಿಸೆಂಬರ್ 18ರ ವಿಶ್ವಕಪ್ ಫೈನಲ್ ದಿನ ಮಾವನಿಗೆ ಫೋನು ಮಾಡಿದ್ದೆ. ಲುಸೈಲಿನಲ್ಲಿ ಒಂದು ಕಡೆ ಮೆಸ್ಸಿ, ಇನ್ನೊಂದು ಕಡೆ ಎಂಬಾಪೆ, ಇಬ್ಬರಿಗೂ ಸಂಬಳ ಕೊಡುವವರು ಒಬ್ಬರೇ. ಮಾವ ರೂಮಿನಲ್ಲಿ ನೇಪಾಳದವರು, ಬಾಂಗ್ಲಾದವರು, ಕೇರಳದವರು ಎಲ್ಲರ ಜೊತೆ ಟೀವಿ ನೋಡುತ್ತಿದ್ದರು. "ಸ್ಟೇಡಿಯಮ್ಮಿಗೆ ಹೋಗ್ಲಿಲ್ವಾ ಮಾವ? ಅಲ್ಲೇ ಇದ್ದೀರಲ್ಲ?" ಅಂದೆ.

"ಟಿಕೆಟ್ಟಿನ ರೇಟು ನೋಡಿದ್ಯಾ ಮಾರಾಯ? ನಮಗೆ ಕಟ್ಟಲಿಕ್ಕೆ ಮಾತ್ರ ಒಳಗೆ ಬಿಡುವುದು."

ನಗುತ್ತಲೇ ಅಂದರು. ಆದರೆ ಆ ಮಾತು ನನ್ನ ತಲೆಯಿಂದ ಹೋಗಿಲ್ಲ.

*

2023ರ ಬೇಸಿಗೆಯಲ್ಲಿ ಮೆಸ್ಸಿ, ನೇಮಾರ್ ಇಬ್ಬರೂ ಹೋದರು. ಲೂಯಿಸ್ ಎನ್ರಿಕೆ ತರಬೇತುದಾರರಾಗಿ ಬಂದರು. 2017ರ ಆ ರಾತ್ರಿ ಬಾರ್ಸಿಲೋನಾದ ಕೋಚ್ ಆಗಿದ್ದವರೂ ಇವರೇ! 2024ರಲ್ಲಿ ಎಂಬಾಪೆಯೂ ಒಂದು ಪೈಸೆ ಬಾರದಂತೆ ಮ್ಯಾಡ್ರಿಡ್ಡಿಗೆ ಹೋದ. ಇನ್ನು ಮುಗಿಯಿತು ಅಂದುಕೊಂಡವರಲ್ಲಿ ನಾನೂ ಒಬ್ಬ.

2025ರ ಫೆಬ್ರುವರಿ 19ರಂದು ನಾನು ಮೊದಲ ಸಲ ಪಾರ್ಕ್ ದೆ ಪ್ರಿನ್ಸ್ ಒಳಗೆ ಹೋದೆ. ಬ್ರೆಸ್ಟ್ ವಿರುದ್ಧ. ಎರಡು ಟಿಕೆಟ್ಟು ಸಿಕ್ಕಿತ್ತು, ಬನ್ನಿ ಅಂತ ಸಹೋದ್ಯೋಗಿಯನ್ನು ಕರೆದೆ. ಬರಲಿಲ್ಲ. "ನೀನು ಹೋಗು. ಓತೈ ಕಡೆ ನೋಡಿಕೊಂಡು ಬಾ" ಅಂದರು. 2016ರಿಂದ ಅಭಿಮಾನಿಗಳ ಗುಂಪುಗಳಿಗೆ ಅಲ್ಲಿ ಮತ್ತೆ ಅವಕಾಶ ಕೊಟ್ಟಿದ್ದಾರೆ. ಆಟ 7-0. ಏಳು ಗೋಲು, ಹೊಡೆದವರು ಏಳು ಬೇರೆ ಬೇರೆ ಜನ. ಈ ತಂಡವೂ ಅಗ್ಗದ್ದೇನಲ್ಲ, ಕ್ವಾರತ್ಸ್‌ಖೇಲಿಯಾ, ದುವೆ, ನೆವೆಸ್ ಎಲ್ಲರಿಗೂ ಹತ್ತಾರು ಮಿಲಿಯನ್ ಸುರಿದಿದ್ದಾರೆ. ಆದರೆ ಚೆಂಡು ಕಳಕೊಂಡ ಕೂಡಲೇ ಹನ್ನೊಂದೂ ಜನ ಓಡುತ್ತಿದ್ದರು. ನಿಂತು ನೋಡುವವರು ಯಾರೂ ಇರಲಿಲ್ಲ. ನಾನು ಆಟಕ್ಕಿಂತ ಹೆಚ್ಚು ಓತೈ ಕಡೆಯೇ ನೋಡಿದೆ. ತೊಂಬತ್ತು ನಿಮಿಷ ಅವರು ಬಾಯಿ ಮುಚ್ಚಲಿಲ್ಲ.

ಮೇ 31ರಂದು ಮ್ಯೂನಿಕ್ಕಿನಲ್ಲಿ ಫೈನಲ್, ಇಂಟರ್ ವಿರುದ್ಧ. ಜೆರ್ಸಿ ಪೆಟ್ಟಿಗೆಯಿಂದ ತೆಗೆದೆ. ಹೊಟ್ಟೆಯ ಹತ್ತಿರ ಬಿಗಿ, ಆದರೂ ಹಾಕಿಕೊಂಡೆ. 5-0! ಫೈನಲ್ಲಿನಲ್ಲಿ ಇಷ್ಟು ದೊಡ್ಡ ಅಂತರದ ಗೆಲುವು ಹಿಂದೆಂದೂ ಆಗಿರಲಿಲ್ಲ. 19 ವರ್ಷದ ದುವೆ ಎರಡು. ಕೊನೆಯದು ಹೊಡೆದದ್ದು ಸೆನ್ನಿ ಮಯುಲು. ಅವನಿಗೂ 19, ಪ್ಯಾರಿಸ್ ಸೀಮೆಯ ಹುಡುಗ, ಕ್ಲಬ್ಬಿನ ಅಕಾಡೆಮಿಯವನೇ. ಕೋಮಾನ್‌ನನ್ನು ಕಳಕೊಂಡದ್ದು ಅಲ್ಲಿಗೆ ತೀರಿತು ಅನ್ನಿಸಿತು. ಗ್ಯಾಲರಿಯಲ್ಲಿ ಅಭಿಮಾನಿಗಳು ಒಂದು ದೊಡ್ಡ ಬಟ್ಟೆ ಬಿಚ್ಚಿದರು. ಲೂಯಿಸ್ ಎನ್ರಿಕೆ ತನ್ನ ಪುಟ್ಟ ಮಗಳ ಜೊತೆ ಮೈದಾನದಲ್ಲಿ ಬಾವುಟ ನೆಡುವ ಚಿತ್ರ. ಆ ಮಗು 2019ರಲ್ಲಿ ಒಂಬತ್ತನೇ ವಯಸ್ಸಿಗೆ ತೀರಿಹೋಗಿತ್ತು. ಅದನ್ನು ಬರೆಸಿದ್ದು ಯಾವ ಮಾಲೀಕರೂ ಅಲ್ಲ.

ಆ ರಾತ್ರಿಯ ಇನ್ನೊಂದು ಮುಖವನ್ನೂ ಹೇಳಬೇಕು. ಸಂಭ್ರಮದ ಗಲಾಟೆಯಲ್ಲಿ ಫ್ರಾನ್ಸಿನಲ್ಲಿ ಇಬ್ಬರು ಸತ್ತರು, ನೂರಾರು ಜನರ ಬಂಧನವಾಯಿತು. ಮೂರು ದಿನಕ್ಕೆ, ಜೂನ್ 3ರಂದು, ನಮ್ಮ ಆರ್‌ಸಿಬಿ 18 ವರ್ಷ ಕಾದು ಕಪ್ಪು ಗೆದ್ದಿತು. ಒಂದೇ ವಾರದಲ್ಲಿ ನನ್ನ ಎರಡೂ ತಂಡ! ಗೇಲ್, ಡಿವಿಲಿಯರ್ಸ್ ಎಲ್ಲ ಇದ್ದಾಗ ಬಾರದ ಕಪ್ಪು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿಗೆ 11 ಜನ ಹೋದರು. ಆಫೀಸಿನಲ್ಲಿ ಮೊಬೈಲಿನಲ್ಲಿ ಆ ಸುದ್ದಿ ನೋಡುತ್ತ ಕೂತಾಗ ಮಾವನ ಮಾತು ಮತ್ತೆ ನೆನಪಾಯಿತು. ಇವರೂ ಗೇಟಿನ ಹೊರಗಿದ್ದವರೇ.

*

ಫೈನಲ್ ಆದ ಸೋಮವಾರ ಜೆರ್ಸಿ ಹಾಕಿಕೊಂಡೇ ಆಫೀಸಿಗೆ ಹೋದೆ. ಸಹೋದ್ಯೋಗಿ ನನ್ನ ಹಿಂದಿನಿಂದ ಬಂದು ನಿಂತು, ಬೆನ್ನಿನ ಮೇಲಿನ ಹೆಸರನ್ನು ಬೆರಳಿಟ್ಟು ಓದಿದರು. "ಇದರಲ್ಲಿ ಒಂದು ಅಕ್ಷರ ಇಲ್ಲ!" ಹದಿಮೂರು ವರ್ಷ ನಾನು ನೋಡಿರಲಿಲ್ಲ. ಆಮೇಲೆ ಅವರು ಪರ್ಸಿನಿಂದ ಒಂದು ಕಾರ್ಡು ತೆಗೆದು ನನ್ನ ಕೀಬೋರ್ಡಿನ ಮೇಲಿಟ್ಟರು. ಓತೈ ಸ್ಟ್ಯಾಂಡಿನ 2009-10ರ ಸೀಸನ್ ಟಿಕೆಟ್. ಅಂಚು ಸವೆದಿತ್ತು. ಫೈನಲ್ ದಿನ ಅಪ್ಪನ ಮನೆಗೆ ಹೋಗಿ ಒಟ್ಟಿಗೆ ಕೂತು ನೋಡಿದರಂತೆ. "ಸೋಫಾದಲ್ಲಿ ಅಕ್ಕಪಕ್ಕದ ಸೀಟು" ಅಂದರು.

ನಾನು ಆಗ ಮಾವನ ಕತೆ ಹೇಳಿದೆ. ದೋಹಾ, ತಾರಸಿ, ಫೀಸು ಎಲ್ಲ. ಅಲ್ಲಿಯವರೆಗೆ ಹೇಳಿರಲಿಲ್ಲ, ಹೇಳಲಿಕ್ಕೆ ಏನೋ ಒಂಥರಾ ಸಂಕೋಚ. ಅವರು ಸುಮ್ಮನೆ ಕೇಳಿದರು. ಕೊನೆಗೆ, "ಹಾಗಾದರೆ ನಮಗಿಂತ ನಿಮ್ಮ ಮಾವನ ಪಾಲೇ ಹೆಚ್ಚು" ಅಂದರು.

ಈ ಕ್ಲಬ್ಬಿನ ಇತಿಹಾಸ ಓದಿ ನನಗೆ ತಿಳಿದದ್ದು ಇಷ್ಟೇ. ಧಣಿಗಳು ಬರುತ್ತಾರೆ, ಹೋಗುತ್ತಾರೆ. ಅವರ ಹೆಸರು ಪುಸ್ತಕದಲ್ಲಿ ಇರುತ್ತದೆ. 1970ರಲ್ಲಿ ಒಂತಿಗೆ ಹಾಕಿದ 20,000 ಜನರ ಹೆಸರು ಎಲ್ಲೂ ಇಲ್ಲ. ಓತೈಯ ಅಪ್ಪ-ಮಗನದ್ದೂ ಇಲ್ಲ, ದೋಹಾದ ತಾರಸಿಯ ಮೇಲಿನ ಮಾವನದ್ದೂ ಇಲ್ಲ. ತಂಡ ಯಾರದ್ದು ಅಂತ ಇನ್ನು ಯಾರಾದರೂ ಕೇಳಿದರೆ ನಾನು ದುಡ್ಡು ಎಲ್ಲಿಂದ ಬಂತು ಅಂತ ವಾದ ಮಾಡುವುದಿಲ್ಲ. ದುಡ್ಡಿನ ಹಿಂದೆ ಬೆವರು ಯಾರದ್ದಿತ್ತು ಅಂತ ಒಂದು ಸಲ ಕೇಳಿಕೊಳ್ಳುತ್ತೇನೆ. ಅದರಿಂದ ಕ್ಲಬ್ಬಿನ ದುಡ್ಡೇನೂ ಪವಿತ್ರ ಆಗುವುದಿಲ್ಲ. ನನ್ನ ಡಿಗ್ರಿಯದ್ದೂ ಆಗುವುದಿಲ್ಲ. ಸಾಲ ಯಾರಿಗೆ ಅನ್ನುವುದಾದರೂ ನೆನಪಿರುತ್ತದೆ.

ಅಂದ ಹಾಗೆ ಅಣ್ಣನ ಸುದ್ದಿ. 2025ರಲ್ಲಿ ಪ್ಯಾರಿಸ್ ಎಫ್‌ಸಿ 46 ವರ್ಷಗಳ ನಂತರ ಮೊದಲ ದರ್ಜೆಗೆ ವಾಪಸು ಬಂತು. ಈಗ ಅದಕ್ಕೂ ಧಣಿ ಸಿಕ್ಕಿದ್ದಾರೆ, ಲೂಯಿ ವಿಟಾನ್ ಬ್ಯಾಗುಗಳ ಒಡೆಯರಾದ ಆರ್ನೋ ಕುಟುಂಬ. ಅವರು ಆರಿಸಿಕೊಂಡ ಜ್ಯಾಂ-ಬುವಾಂ ಕ್ರೀಡಾಂಗಣ ಎಲ್ಲಿದೆ ಗೊತ್ತಾ? ಪಾರ್ಕ್ ದೆ ಪ್ರಿನ್ಸ್ ಎದುರಿಗೇ, ಒಂದು ರಸ್ತೆ ದಾಟಿದರೆ ಸಾಕು. ಪಾಲಾದ ಅಣ್ಣತಮ್ಮ ಐವತ್ತು ಚಿಲ್ಲರೆ ವರ್ಷಕ್ಕೆ ಎದುರುಬದುರು ಮನೆ.

ಜೂನಿನಲ್ಲೇ ಮಾವನಿಗೆ ಫೋನು ಮಾಡಿ ಜೆರ್ಸಿಯ ಅಕ್ಷರದ ವಿಷಯ ಹೇಳಿದೆ.

"ಅದು ಡೂಪ್ಲಿಕೇಟ್ ಮಾರಾಯ! ಒರಿಜಿನಲ್ಲಿಗೆ ನನ್ನ ನಾಲ್ಕು ದಿನದ ಸಂಬಳ ಬೇಕಿತ್ತು. ನಿನಗೆ ಇಷ್ಟು ವರ್ಷ ಗೊತ್ತಾಗ್ಲಿಲ್ವಾ? ಇಂಜಿನಿಯರ್ ಅಂತೆ!"

ಒಂದು ಒರಿಜಿನಲ್ ಕೊಂಡಿಟ್ಟಿದ್ದೇನೆ. ಮಾವನ ಅಳತೆಯದ್ದು. ಮುಂದಿನ ಸಲ ಅವರು ಊರಿಗೆ ಬಂದಾಗ ಕೊಡಬೇಕು. ಬೆನ್ನಿಗೆ ಯಾರ ಹೆಸರು ಹಾಕಿಸಿದ್ದೇನೆ ಅಂತ ನಿಮಗೆ ಹೇಳಬೇಕಾಗಿಲ್ಲ ತಾನೇ?